ಚರಗದ ಬಂಡಿಗಳು

ವಿಮಾನ ನಡೆಸುವುದನ್ನು ನೆಲ ಬಿಡದೆ ಕಲಿಸುವ ಪೆಟ್ಟಿಗೆಯೊಂದನ್ನು ಎಡ್ವಿನ್ ಲಿಂಕ್ ಎಂಬ ಅಮೆರಿಕದ ಯುವಕ 1929ರಲ್ಲಿ ಕಟ್ಟಿದ. ಅವನ ಅಪ್ಪನದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ವಾದ್ಯಕ್ಕೆ ಗಾಳಿ ಊದುವ ತಿದಿಗಳನ್ನೇ ತಂದು ಪೆಟ್ಟಿಗೆಯ ಕೆಳಗೆ ಕೂಡಿಸಿದ. ಕೋಲು ಎಳೆದತ್ತ ಪೆಟ್ಟಿಗೆ ವಾಲುತ್ತಿತ್ತು. ಮೊದಮೊದಲು ಅದನ್ನು ಕೊಂಡವರು ಮನರಂಜನಾ ಪಾರ್ಕುಗಳವರು. ಎರಡನೇ ಮಹಾಯುದ್ಧದ ಹೊತ್ತಿಗೆ ಅದಿಲ್ಲದೆ ಪೈಲಟ್ಟುಗಳ ತರಬೇತಿಯೇ ನಡೆಯದಂತಾಯಿತು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕಾರು ಓಡಿಸುವ ಇವತ್ತಿನ ಹುಡುಗರು ಆ ತಿದಿಯ ವಂಶದವರು.

ನಮ್ಮ ಬಸವನ ಬಾಗೇವಾಡಿ ಕಡೆ ನಿಜದ್ದನ್ನು ಮುಟ್ಟದೆ ಕಲಿಸುವ ಆ ಕೆಲಸಕ್ಕೆ ಎರಿಮಣ್ಣು ಸಾಕಿತ್ತು. ಕಾರ ಹುಣ್ಣಿಮೆಗೆ ನಿಜದ ಎತ್ತುಗಳು ಮೈತೊಳೆಸಿಕೊಂಡು, ಕೋಡಿಗೆ ಬಣ್ಣ ಬಳಿಸಿಕೊಂಡು ಕರಿ ಹರಿಯುತ್ತಿದ್ದವು. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಯೇನೋ ದೊಡ್ಡವರದು, ಪೂಜೆ ಮುಗಿದ ಮೇಲೆ ಎತ್ತು ನಮ್ಮವು. ದಾರ ಕಟ್ಟಿ ಅಂಗಳದ ತುಂಬ ಎಳೆಯುತ್ತಿದ್ದೆವು, ಗೆಜ್ಜೆಯ ಸಪ್ಪಳ ನಮ್ಮ ಬಾಯಲ್ಲೇ ಹೊರಡುತ್ತಿತ್ತು, ಕೋಡು ಮುರಿದರೆ ಅಳು. ಮುಂದೊಂದು ದಿನ ನಿಜದ ಹಗ್ಗ ಕೈಗೆ ಬರುತ್ತದೆ ಎಂಬ ಭರವಸೆಯ ಮೇಲೆ ಆ ಆಟ ನಿಂತಿತ್ತು. ಮಣ್ಣೆತ್ತು ಈಗಲೂ ಸಂತೆಗೆ ಬರುತ್ತವೆ, ಜೋಡಿಗಿಷ್ಟೆಂದು ಮಾರಾಟವಾಗುತ್ತವೆ. ಹಗ್ಗ ಮಾತ್ರ ಬರುವುದಿಲ್ಲ.

ಇಂಗಳೇಶ್ವರ ನನಗೆ ಅವ್ವನ ತವರು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂ ಅದೇ ಎಂದು ಊರವರ ನಂಬಿಕೆ. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲೋ ಇಂಗಳೇಶ್ವರದಲ್ಲೋ ಎಂದು ವಾದಿಸುವವರು ಎರಡೂ ಕಡೆ ಇದ್ದಾರೆ. ನಾನಂತೂ ಅಜ್ಜಿ ಊರಿನ ಪಕ್ಷ. ಊರಿನಲ್ಲಿ ವಚನ ಶಿಲಾಮಂಟಪವಿದೆ. ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ್ದಾರೆ. ಬೀಗರು ಬಂದರೆ ಮೊದಲು ಅಲ್ಲಿಗೇ ಕರೆದೊಯ್ಯುತ್ತೇವೆ. ಎಂಟುನೂರು ವರ್ಷದ ಹಿಂದಿನ ಮಾತನ್ನು ಕಲ್ಲಿಗೆ ಒಪ್ಪಿಸಿಟ್ಟ ಈ ಊರಿಗೆ, ಮೊನ್ನೆ ಮೊನ್ನೆಯವರೆಗೂ ಇದ್ದ ಬಂಡಿ ಹೊಡೆಯುವ ಕೈಯನ್ನು ಎಲ್ಲಿ ಇಟ್ಟು ಕಾಯಬೇಕೆಂದು ತಿಳಿಯಲಿಲ್ಲ.

ಬಂಡಿಯ ಹುಚ್ಚು ಏನೆಂದು ತಿಳಿಯಬೇಕಾದರೆ ಎಳ್ಳ ಅಮಾವಾಸ್ಯೆಯ ಸಂಜೆ ನೋಡಬೇಕಿತ್ತು. ಹಿಂಗಾರಿ ಬಿಳಿಜೋಳ ಎದೆಮಟ ನಿಂತಿರುವ ಕಾಲ. ಮುಂಜಾನೆ ಮನೆಮಂದಿಯೆಲ್ಲ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೊರಡುವುದು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ. ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಉಂಡು, ಹೆಂಗಸರು ಒಂದು ಕಣ್ಣು ನಿದ್ದೆ ತೆಗೆದು, ಹೊತ್ತು ಇಳಿದ ಮೇಲೆ ಬಂಡಿಗಳು ಊರ ಕಡೆ ತಿರುಗುತ್ತಿದ್ದವು. ಮುಂಜಾನೆ ಕಾಲೆಳೆಯುತ್ತ ಹೊಲಕ್ಕೆ ಹೋದ ಎತ್ತುಗಳೇ ಮನೆಯ ಕಡೆ ಮುಖ ಮಾಡಿದರೆ ಬೇರೆ ಪ್ರಾಣಿಗಳಾಗಿಬಿಡುತ್ತಿದ್ದವು. ಬಂಡಿದಾರಿಯಲ್ಲಿ ಒಂದರ ಹಿಂದೊಂದು ಚಕ್ಕಡಿ. ಮುಂದಿನವನು ಬದಿಗೆ ಸರಿಯುವವನಲ್ಲ, ಹಿಂದಿನವನು ಸುಮ್ಮನಿರುವವನಲ್ಲ. ದಾರಿ ಅಗಲವಾದ ಕಡೆ ಒಬ್ಬ ಮೊದಲು ಎತ್ತಿನ ಬಾಲ ಮುಟ್ಟುತ್ತಾನೆ. ಆಮೇಲೆ ಯಾರು ಹೇಳಿದರೂ ಯಾರೂ ಕೇಳುವುದಿಲ್ಲ. ಕೊರಳಗೆಜ್ಜೆಯ ಸದ್ದು, ಕಬ್ಬಿಣದ ಹಳಿ ಕಲ್ಲಿಗೆ ಬಡಿದಾಗಿನ ಕಿಡಿ, ಒಳಗೆ ಖಾಲಿ ಬುಟ್ಟಿಗಳು ಒಂದರ ಮೇಲೊಂದು, ಅವುಗಳ ಮೇಲೆ ನಾವು. ಅಜ್ಜಿ ಬಸವಣ್ಣನನ್ನೂ ಮಗನನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಿದ್ದಳು, ಒಬ್ಬನನ್ನು ಬೇಡಿಕೊಂಡು, ಇನ್ನೊಬ್ಬನನ್ನು ಬೈದು. ವೇಗವನ್ನು ಅಳೆದಿದ್ದರೆ ಈಗಿನ ಮೊಪೆಡ್ಡಿನಷ್ಟೂ ಇರಲಿಕ್ಕಿಲ್ಲ. ಆದರೆ ಆ ವೇಗ ಸೀದಾ ಹಲ್ಲಿಗೆ, ಹೊಟ್ಟೆಗೆ, ಬೆನ್ನುಮೂಳೆಗೆ ಬಂದು ತಾಗುತ್ತಿತ್ತು.

ಬಂಡಿ ಹೊಡೆಯುವುದೆಂದರೆ ಬಾರಕೋಲು ಬೀಸುವುದು ಎಂದುಕೊಂಡವರೇ ಹೆಚ್ಚು. ಅದರ ನಿಜವಾದ ಕಸುಬು ಭಾರದಲ್ಲಿತ್ತು. ದಿಬ್ಬ ಏರುವಾಗ ಬಂಡಿಯ ಹಿಂಭಾಗ ಜಗ್ಗುತ್ತದೆ, ನೊಗ ಮೇಲೆದ್ದು ಎತ್ತಿನ ಗಂಟಲಿಗೆ ಪಟ್ಟಿ ಒತ್ತುತ್ತದೆ. ಆಗ ಕುಳಿತವರೆಲ್ಲ ಮುಂದೆ ಸರಿಯಬೇಕು. ಇಳುಕಲಿನಲ್ಲಿ ಮೂಕಿಯ ಭಾರವೆಲ್ಲ ಎತ್ತಿನ ಹೆಗಲಿಗೆ, ಆಗ ಹಿಂದಕ್ಕೆ. "ಮುಂದ ಬರ್ರಿ, ಏ, ಹಿಂದ ಸರೀರಿ" ಎಂದು ಸೋದರಮಾವ ಒದರುತ್ತಲೇ ಇರುತ್ತಿದ್ದ. ನಾವು ಸವಾರಿ ಮಾಡುವವರಷ್ಟೇ ಆಗಿರಲಿಲ್ಲ, ಬಂಡಿಯ ಒಂದು ಭಾಗವೂ ಆಗಿದ್ದೆವು.

ಇನ್ನು ಹಗ್ಗ. ಒಮ್ಮೆ ಕಾಡಿಬೇಡಿ ಇಸಿದುಕೊಂಡಾಗ ಅಂಗೈ ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದೆ. ಮಾವ ಹೇಳಿದ: "ಸಡ್ಲ ಬಿಡು ಯವ್ವಾ. ಅವಕ್ಕ ದಾರಿ ಗೊತ್ತೈತಿ. ನೀ ಹೆದರಿದ್ದು ಹಗ್ಗದಾಗ ಅವಕ್ಕ ತಿಳೀತೈತಿ." ಎರಡು ಎತ್ತಿಗೆ ಎರಡು ಸ್ವಭಾವ. ಎಡಕ್ಕೆ ಹೂಡಿದ್ದು ಮೊಂಡ, ಬಲಕ್ಕೆ ಹೂಡಿದ್ದು ಅಂಜುಬುರುಕ. ಹಳ್ಳದ ನೀರು ಕಂಡರೆ ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಈ ಎರಡರ ನಡುವೆ ಮೂರನೆಯವನು ರಾಜಿ ಮಾಡಿಸಬೇಕು, ಅದೂ ಓಡುತ್ತಿರುವಾಗ.

ಈಗ ಹೆಡ್‌ಸೆಟ್ಟಿನ ಮಾತಿಗೆ ಬರುತ್ತೇನೆ. ಅದನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. 1968ರಲ್ಲಿ ಐವನ್ ಸದರ್ಲೆಂಡ್ ತಲೆಗೆ ಹಾಕುವ ಮೊದಮೊದಲ ಪರದೆಗಳಲ್ಲೊಂದನ್ನು ಮಾಡಿದಾಗ ಅದರ ಭಾರಕ್ಕೆ ಚಾವಣಿಯಿಂದ ತೂಗುಹಾಕಬೇಕಾಗಿತ್ತು. 2014ರಲ್ಲಿ ಫೇಸ್‌ಬುಕ್ ಕಂಪನಿ ಹೆಡ್‌ಸೆಟ್ ತಯಾರಿಸುವ ಆಕ್ಯುಲಸ್ಸನ್ನು ಇನ್ನೂರು ಕೋಟಿ ಡಾಲರಿಗೆ ಕೊಂಡ ಮೇಲೆ ಅದು ಮನೆಮನೆಯ ಆಟಿಕೆಯಾಗುವ ದಾರಿ ಹಿಡಿಯಿತು. ಬೆಂಗಳೂರಿನ ತಂಗಿಯ ಮನೆಯಲ್ಲಿ ನಾನೂ ಕುಳಿತು ನೋಡಿದ್ದೇನೆ. ತಿರುವಿನಲ್ಲಿ ಸ್ಟೇರಿಂಗ್ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ, ಒಳಗಿನ ಮೋಟಾರಿನ ಕೆಲಸ ಅದು. ಎದೆ ನಿಜವಾಗಿಯೇ ಹೊಡೆದುಕೊಂಡಿತು. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸತೊಡಗಿತು. ಓಡುತ್ತಿದ್ದೇವೆ ಎಂದು ಕಣ್ಣು, ಕುಳಿತಿದ್ದೇವೆ ಎಂದು ಒಳಗಿವಿ, ಎರಡರ ಜಗಳ. ದೊಡ್ಡ ಸಿಮ್ಯುಲೇಟರುಗಳಲ್ಲಿ ಇದಕ್ಕೂ ಉಪಾಯವಿದೆ. ಕಾರು ವೇಗ ಪಡೆಯುವಾಗ ಕುರ್ಚಿಯನ್ನೇ ಮೆಲ್ಲಗೆ ಹಿಂದಕ್ಕೆ ವಾಲಿಸುತ್ತಾರೆ. ನಮ್ಮದೇ ಭಾರ ಬೆನ್ನಿಗೆ ಒತ್ತಿದಾಗ ಮಿದುಳು ಅದನ್ನು ವೇಗವೆಂದು ನಂಬುತ್ತದೆ. ಇದನ್ನು ಓದಿದಾಗ ನನಗೆ ಇಳುಕಲಿನ ಬಂಡಿ ನೆನಪಾಯಿತು. ಇಲ್ಲಿ ಕುರ್ಚಿ ವಾಲಿ ಮೈಯನ್ನು ನಂಬಿಸುತ್ತದೆ. ಅಲ್ಲಿ ಮೈ ವಾಲಿ ಬಂಡಿಯನ್ನು ಉಳಿಸುತ್ತಿತ್ತು.

ಆಟದಿಂದ ನಿಜಕ್ಕೆ ದಾಟಿದವರೂ ಇದ್ದಾರೆ. ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ 'ಗ್ರ್ಯಾನ್ ಟುರಿಸ್ಮೊ' ಎಂಬ ವಿಡಿಯೊ ಆಟದ ಸ್ಪರ್ಧೆಯನ್ನು 2011ರಲ್ಲಿ ಗೆದ್ದು ನಿಜವಾದ ರೇಸ್ ಕಾರು ಹತ್ತಿದ, ಲ ಮಾನ್‌ನಂಥ ಇಪ್ಪತ್ನಾಲ್ಕು ಗಂಟೆಯ ರೇಸಿನಲ್ಲೂ ಓಡಿಸಿದ. ನಮ್ಮ ಸರಕಾರವೂ ಈ ಯಂತ್ರವನ್ನು ಒಪ್ಪಿದೆ: 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಲೇಬೇಕು, ಹಗುರ ವಾಹನಕ್ಕೆ 29 ಗಂಟೆಯ ಪಾಠ. ಕಲಿಯುವವನು ಮೊದಲ ತಪ್ಪುಗಳನ್ನು ಪರದೆಯ ಮೇಲೆ ಮಾಡಿ ಮುಗಿಸುವುದು ರಸ್ತೆಯ ಮೇಲಿನವರಿಗೆ ಒಳ್ಳೆಯದೇ. ಇಂಗಳೇಶ್ವರದ ಹುಡುಗರು ಮೊಬೈಲಿನಲ್ಲಿ ಇಂಡೋನೇಷ್ಯಾದವರು ಮಾಡಿದ ಬಸ್ಸಿನ ಆಟವನ್ನು ಆಡುತ್ತಾರೆ. ಬಸ್ಸಿಗೆ ನಮ್ಮ ಸಾರಿಗೆ ಸಂಸ್ಥೆಯ ಬಣ್ಣ ಹಚ್ಚಿಕೊಂಡು, ಜಾವಾದ ಭತ್ತದ ಗದ್ದೆಗಳ ನಡುವೆ ಹಾರ್ನ್ ಬಾರಿಸುತ್ತ ಹೋಗುತ್ತಾರೆ. ನನಗೆ ಅದು ಇಷ್ಟವೇ ಆಯಿತು. ಎತ್ತಿನ ಗಾಡಿ ಓಟದ ಆಟವೂ ಮೊಬೈಲಿನಲ್ಲಿ ಸಿಗುತ್ತದೆ. ಬೆರಳು ಒತ್ತಿದರೆ ಎತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎತ್ತನ್ನು ಕಂಡವರಾರೂ ಅದನ್ನು ಎತ್ತು ಎನ್ನಲಾರರು. ಅದು ಕಾಲಿರುವ ಮೋಟರ್‌ಸೈಕಲ್ಲು.

ಹಾಗೆಂದು ನಮ್ಮ ಬಂಡಿಯನ್ನು ಕಸಿದುಕೊಂಡದ್ದು ಈ ಆಟಗಳಲ್ಲ. ಹೆಡ್‌ಸೆಟ್ಟು ಬರುವ ಎಷ್ಟೋ ಮೊದಲೇ ಅದು ಹೋಗಿತ್ತು. ಮೊದಲು ಕಬ್ಬಿಣದ ಹಳಿಯ ಗಾಲಿ ಹೋಗಿ ರಬ್ಬರಿನ ಟೈರು ಬಂತು. ಎತ್ತಿಗೆ ಹಗುರಾಯಿತು, ದೂರದಿಂದಲೇ ಯಾರ ಬಂಡಿ ಎಂದು ಹೇಳುತ್ತಿದ್ದ ಸದ್ದು ನಿಂತಿತು. ಗಾಲಿಗೆ ಅರ ಕೂಡಿಸುವ ಬಡಿಗ, ಹಳಿಯನ್ನು ಕೆಂಪಗೆ ಕಾಸಿ ಹಾಕುವ ಕಂಬಾರ ಕಿಟಕಿ-ಬಾಗಿಲಿನ ಕೆಲಸಕ್ಕೆ ಹೊರಳಿದರು. ಆಮೇಲೆ ಟ್ರ್ಯಾಕ್ಟರ್. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ನೀರು ಬರುಬರುತ್ತ ಈ ಸೀಮೆಯ ಹೊಲಗಳನ್ನು ಮುಟ್ಟಿದಂತೆ ಕಬ್ಬು ಬಂತು. ಕಬ್ಬಿನ ಭಾರಕ್ಕೆ ಎತ್ತು ಸಾಲದು. ಬಂಡಿದಾರಿಗೆ ಡಾಂಬರು ಬಿತ್ತು. ಜಾನುವಾರು ಗಣತಿ ನೋಡಿದರೆ 2012ರಲ್ಲಿ ರಾಜ್ಯದಲ್ಲಿ 95 ಲಕ್ಷದಷ್ಟಿದ್ದ ದನಗಳು 2019ಕ್ಕೆ 85 ಲಕ್ಷದ ಹತ್ತಿರ ಇಳಿದಿದ್ದವು. ಉಳಿದವುಗಳಲ್ಲೂ ಹಾಲಿನ ಆಕಳೇ ಹೆಚ್ಚು. ಕಿಲಾರಿ ಜೋಡಿ ಕಟ್ಟುವ ಮನೆಗಳನ್ನು ಈಗ ಹುಡುಕಬೇಕು. ಸಾಂಗಲಿ, ಮಿರಜದ ಸಂಸ್ಥಾನಿಕರು ನಮ್ಮ ಎರಿನೆಲದ ಭಾರಕ್ಕೆಂದೇ ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆಸಿದ ಕೃಷ್ಣಾ ತೀರದ ತಳಿಯಂತೂ ಅಪರೂಪವಾಗಿದೆ. ವಿಜಾಪುರದ ಸ್ಟೇಷನ್ನಿನಿಂದ ಗೋಳಗುಮ್ಮಟದ ಕಡೆ ಟಾಂಗಾಗಳ ಸಾಲು ಕಂಡವರಿಗೆ ಇದೇ ಕಥೆ ಕುದುರೆಯ ರೂಪದಲ್ಲಿ ಗೊತ್ತಿದೆ.

ಓಟ ಮಾತ್ರ ಉಳಿದಿದೆ, ಅದೂ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈಗ ಜಾತ್ರೆಗಳಲ್ಲಿ ಗಾಡಿ ಓಟವೂ ಇದೆ, ಇಷ್ಟು ನಿಮಿಷದಲ್ಲಿ ಎಷ್ಟು ದೂರ ಎಳೆದವು ಎಂದು ಅಳೆಯುವ ತೆರಬಂಡಿಯೂ ಇದೆ. ಗೆದ್ದವರಿಗೆ ಬಹುಮಾನ ಮೋಟರ್‌ಸೈಕಲ್ಲು. ಓಟದ ಎತ್ತುಗಳು ಕಣಕ್ಕೆ ಬರುವುದೂ ಪಿಕಪ್ ವಾಹನದಲ್ಲಿ ನಿಂತುಕೊಂಡು. ಅವು ಓಡಲೆಂದೇ ಸಾಕಿದವು, ಹೊಲ ಕಂಡವಲ್ಲ. ನಾನು ನೆನೆಯುವ ರೋಮಾಂಚನ ಕೆಲಸದ ನಡುವೆ, ಉಂಡ ಬುಟ್ಟಿಗಳ ಜೊತೆಗೆ, ಕರೆಯದೆ ಬಂದದ್ದು. ಕಾನೂನು ಉಳಿಸಿಕೊಟ್ಟದ್ದು ಇನ್ನೊಂದನ್ನು.

ನೆನಪು ಎಲ್ಲವನ್ನೂ ತೊಳೆದು ಒಣಗಿಸಿಡುತ್ತದೆ, ಅದಕ್ಕೇ ಇದನ್ನೂ ಹೇಳಬೇಕು. ಎತ್ತಿನ ಹೆಗಲ ಮೇಲೆ ಮಾಯದ ಹುಣ್ಣಿರುತ್ತಿತ್ತು, ಅದರ ಮೇಲೇ ನೊಗ. ಬಂಡಿ ಮಗುಚಿ ಕಾಲು ಮುರಿದವರು ಎಲ್ಲ ಊರಲ್ಲೂ ಇದ್ದರು. ಇನ್ನು ನಾನು ಹಗ್ಗ ಹಿಡಿದ ಆ ಒಂದು ಸಲವೂ ಊರು ಹತ್ತಿರವಾದ ಕೂಡಲೇ ಮಾವ ಇಸಿದುಕೊಂಡುಬಿಟ್ಟ. ಹೆಣ್ಣುಹುಡುಗಿ ಬಂಡಿ ಹೊಡೆದುಕೊಂಡು ಅಗಸಿಯೊಳಗೆ ಬಂದರೆ ಜನ ಏನೆಂದಾರು! ನನಗಿಂತ ಕಿರಿಯ ತಮ್ಮ ಅದೇ ಬಂಡಿಯನ್ನು ಅಗಸಿ ದಾಟಿಸಿ ಮನೆಯವರೆಗೂ ತಂದ. ಕಳೆದುಹೋಯಿತು ಎಂದು ನಾನು ಮರುಗುವ ಸುಖದಲ್ಲಿ ನನ್ನ ಪಾಲು ಅಷ್ಟೇ ಇತ್ತು. ತಂಗಿಯ ಮಗಳಿಗೆ ಹೆಡ್‌ಸೆಟ್ಟು ಯಾವ ಅಗಸಿಯ ಮುಂದೆಯೂ ಇಳಿ ಎನ್ನುವುದಿಲ್ಲ. ಇಟಲಿಯ ರೇಸ್ ಟ್ರ್ಯಾಕಿನಲ್ಲಿ ಅವಳು ಹೊಡೆಯುವ ವೇಗಕ್ಕೆ ನನ್ನ ಮಾವನ ಮೀಸೆ ಅಲ್ಲಾಡುತ್ತಿತ್ತು.

ಹೋದ ಎಳ್ಳ ಅಮಾವಾಸ್ಯೆಗೆ ಅವಳೂ ಬಂದಿದ್ದಳು. ನಾವು ಹೊಲಕ್ಕೆ ಹೋದದ್ದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ತೊಗರಿ, ಹತ್ತಿಯ ಸಾಲುಗಳ ನಡುವೆ ಟ್ರ್ಯಾಕ್ಟರ್ ನುಗ್ಗಿದರೆ ಬೆಳೆ ಮುರಿಯುತ್ತದೆಂದು, ಎಡೆ ಹೊಡೆಯುವುದಕ್ಕಾಗಿ ಪಕ್ಕದ ಹೊಲದವರು ಇನ್ನೂ ಒಂದು ಜೋಡಿ ಇಟ್ಟುಕೊಂಡಿದ್ದಾರೆ. ಅವರದೊಂದು ಟೈರ್ ಬಂಡಿಯೂ ಇದೆ. ಹುಡುಗಿ ಬಿಡಲಿಲ್ಲ, ಮಾವ ಕೇಳಿಕೊಂಡ, ಅವರು ಹೂಡಿಕೊಟ್ಟರು. ಅವಳು ಹಗ್ಗ ಹಿಡಿದು ಕುಳಿತಳು. "ಹೋ" ಎಂದಳು, "ನಡಿ" ಎಂದಳು, ಹಗ್ಗ ಅಲ್ಲಾಡಿಸಿದಳು. ಎತ್ತುಗಳು ಕಿವಿಯನ್ನೂ ಆಡಿಸಲಿಲ್ಲ.

"ಅಜ್ಜಾ, ಹ್ಯಾಂಗ್ ಆಗಿದಾವಾ ಇವು?" ಎಂದು ಕೇಳಿದಳು.

ಮಾವ ಬಗ್ಗಿ ಎತ್ತಿನ ಹೊಟ್ಟೆಯ ಪಕ್ಕ ಕೈಯಾಡಿಸಿ, "ಹಸದಾವ್ ಬೇ, ಮೊದ್ಲ ಇಳಿ, ಕಣಕಿ ಹಾಕು" ಎಂದ.