ಕಟ್ಟಿಂಗೇರಿಯ ಗೆರೆಗಳು

ನಮ್ಮ ಡೊಂಬಿವಲಿಯ ನೆರೆಯ ಹಿರಿಯರೊಬ್ಬರ ಕಪಾಟಿನಲ್ಲಿ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳ ಹಳೆಯ ಪುಸ್ತಕವೊಂದಿದೆ. ಬೇಸಿಗೆಯ ರಜೆಗೆ ಮುಂಚೆ ಅದನ್ನು ಕೇಳಿ ತಂದೆ. ಮಗಳು ಪುಟ ತಿರುವುತ್ತ, “ಅಪ್ಪಾ, ಇವರೆಲ್ಲ ಎಲ್ಲಿಯವರು?” ಎಂದಳು. ದುಡಿಯುವ ಹೆಂಗಸರು, ಕುಣಿಯುವವರು, ಕೋಳಿ ಅಂಕದ ಹುಂಜಗಳು. “ನಮ್ಮೂರ ಕಡೆಯವರೇ” ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಹೆಬ್ಬಾರರು ಹುಟ್ಟಿದ್ದು ೧೯೧೧ರಲ್ಲಿ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕೆಲಕಾಲ ಕಲಿಸಿದರು, ಪ್ಯಾರಿಸ್ಸಿಗೂ ಹೋಗಿಬಂದರು. ಲಯವೆಂದರೇನೆಂದು ತಿಳಿಯಲು ಪಂಡಿತ ಸುಂದರಪ್ರಸಾದರಲ್ಲಿ ಕಥಕ್ ಕಲಿತರಂತೆ! ಚಿತ್ರಗಾರನಿಗೆ ಗೆಜ್ಜೆಯೇಕೆ ಎಂದು ನಗುವವರು ಆ ಗೆರೆಗಳನ್ನೊಮ್ಮೆ ನೋಡಬೇಕು. ಕುಂಚ ಒಂದೇ ಓಟದಲ್ಲಿ ಹೆಗಲು, ಬೆನ್ನು, ಸೊಂಟಗಳನ್ನು ಬಳಸಿ ಬಂದು ಪಾದದಲ್ಲಿ ನಿಲ್ಲುತ್ತದೆ.

ಅಮೆರಿಕದ ಥಾಮಸ್ ಹಾರ್ಟ್ ಬೆಂಟನ್ ಎಂಬ ಕಲಾವಿದನೂ ಹಳ್ಳಿಯ ಬಾಳನ್ನೇ ಕಲ್ಲಚ್ಚಿನಲ್ಲಿ ಮೂಡಿಸಿದ. ೧೯೩೪ರಿಂದ ಅಂಥ ಅಚ್ಚುಗಳು ಐದೈದು ಡಾಲರಿಗೆ ಮಾರಾಟವಾಗಿ ಸಾಮಾನ್ಯರ ಗೋಡೆ ಸೇರಿದವು. ಅವನು ೧೯೩೫ರಲ್ಲಿ ನ್ಯೂಯಾರ್ಕ್ ಬಿಟ್ಟು ತನ್ನ ಮಿಸ್ಸೂರಿಗೆ ಮರಳಿದ. ನಮ್ಮ ಹೆಬ್ಬಾರರು ಮರಳಲಿಲ್ಲ. ೧೯೯೬ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. ಊರು ಮಾತ್ರ ಅವರ ಕೈಯನ್ನು ಬಿಟ್ಟಿರಲಿಲ್ಲ. ಇಬ್ಬರಲ್ಲಿ ಇವರೇ ನನಗೆ ಹೆಚ್ಚು ಹತ್ತಿರ, ನಾನೂ ಮರಳುವವನಲ್ಲವಷ್ಟೆ.

ಮೇ ತಿಂಗಳಲ್ಲಿ ಎಂಟು ದಿನದ ರಜೆ ಪಡೆದು ಠಾಣೆಯಲ್ಲಿ ಮತ್ಸ್ಯಗಂಧಾ ಗಾಡಿ ಹತ್ತಿದೆವು. ಹೋದ ಕೆಲಸ ಸಂತೋಷದ್ದಲ್ಲ. ಹಿರಿಯರ ಗದ್ದೆಯ ಮಾರಾಟದ ಕಾಗದಕ್ಕೆ ಅಣ್ಣಂದಿರೊಡನೆ ನಾನೂ ರುಜು ಹಾಕಬೇಕಿತ್ತು. ಆಫೀಸಿನಲ್ಲಿ ದಿನಕ್ಕೆ ನೂರು ರುಜು ಹಾಕುವ ಕೈ ಅಂದು ತಡವರಿಸಿತು.

ಮಧ್ಯಾಹ್ನ ಮನೆಯಲ್ಲಿ ಕೂರಲಾರದೆ ಮಗಳನ್ನು ಕರೆದುಕೊಂಡು ಕಟ್ಟಿಂಗೇರಿಗೆ ಹೋದೆ. ತೆಂಗು, ಅಡಿಕೆ, ಕೆಂಪು ಮುರಕಲ್ಲಿನ ಗೋಡೆ, ಕೊಯ್ದು ಒಣಗಿದ ಗದ್ದೆಗಳು. ಉರಿಬಿಸಿಲು, ಎಲ್ಲಿಯೂ ಒಂದು ನರಪಿಳ್ಳೆಯಿಲ್ಲ. ಮಗಳು ಬದುವಿನ ಮೇಲೆ ನಿಂತು ಸುತ್ತ ನೋಡಿ, “ಚಿತ್ರದಲ್ಲಿದ್ದವರು ಎಲ್ಲಿ?” ಎಂದಳು.

“ಮಳೆ ಬಿದ್ದ ಮೇಲೆ ನಾಟಿಗೆ ಬರುತ್ತಾರೆ.”

“ನಮ್ಮ ಗದ್ದೆಗೂ?”

ಬಸ್ಸಿಗೆ ಹೊತ್ತಾಯಿತೆಂದು ಅವಳ ಕೈ ಹಿಡಿದು ನಡೆದೆ.

ಪುಸ್ತಕವನ್ನು ಇನ್ನೂ ಹಿಂದಿರುಗಿಸಿಲ್ಲ. ನೆರೆಯವರು ಎರಡು ಸಲ ನೆನಪಿಸಿದ್ದಾರೆ. ಮಗಳು ಟ್ರೇಸಿಂಗ್ ಕಾಗದವಿಟ್ಟು ಹುಂಜವೊಂದನ್ನು ತೆಗೆಯುತ್ತಿದ್ದಾಳೆ. ಬಾಲದ ಗೆರೆ ಮಾತ್ರ ಇನ್ನೂ ಕೂಡಿ ಬಂದಿಲ್ಲ.