ಕಾರ್ಡ್ ಬದಲಿಸೋದೋ, ಬೇಡವೋ?

ಎರಡು ವಾರದಿಂದ ತಲೇಲಿ ಇದೊಂದೇ. ನನ್ನ ಕಂಪ್ಯೂಟರಿನಲ್ಲಿರೋದು 2016ರ ಜಿಟಿಎಕ್ಸ್ 1050 ಟಿಐ, 4 ಜಿಬಿ. ಬೋನಸ್ಸಿನಲ್ಲಿ ಮನೆಖರ್ಚೆಲ್ಲ ಕಳೆದು ನನ್ನ ಪಾಲಿಗೆ ಉಳಿದದ್ದು 20,000 ರೂಪಾಯಿ. ಆರ್‌ಎಕ್ಸ್ 6600 ಹಾಕಿಸಿಬಿಡೋಣ ಅಂತ ಆಸೆ.

ಆದ್ರೆ ಖರ್ಚು ಕಾರ್ಡಿಗಷ್ಟೇ ನಿಲ್ಲಲ್ಲ ನೋಡಿ. ನನ್ನ ಹಳೇದು 75 ವ್ಯಾಟಿನದು, ಮದರ್‌ಬೋರ್ಡಿನಿಂದಲೇ ಕರೆಂಟ್ ಎಳ್ಕೊಂಡು ಬದುಕತ್ತೆ. 6600ಕ್ಕೆ 132 ವ್ಯಾಟ್ ಬೇಕು, ಬೇರೆ ಪವರ್ ಕೇಬಲ್ಲೂ ಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ ಅದೇ ಇಲ್ಲ. ಅಂದ್ರೆ ಅದೂ ಹೊಸದು!

ಹೋಗ್ಲಿ, ಲಾಭ ಎಷ್ಟಾಗತ್ತೆ ನೋಡೋಣ ಅಂತ ದಿನಾ ಆಡೋ ಸಿಟೀಸ್: ಸ್ಕೈಲೈನ್ಸ್ ತೆಗೆದೆ. ಲಕ್ಷ ಜನರ ಊರು, ರಸ್ತೆ ತುಂಬಾ ಟ್ರಾಫಿಕ್ಕು (ಸಿಲ್ಕ್ ಬೋರ್ಡೇ ಅನ್ನಿ). ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿದೆ. ಕಾರ್ಡು ಬಿಡಿಸಬೇಕಾದ ಪಿಕ್ಸೆಲ್ ಅರ್ಧಕ್ಕಿಂತ ಕಮ್ಮಿ ಆಯ್ತು. ಆದ್ರೂ ಎಫ್‌ಪಿಎಸ್ ಅಲ್ಲಾಡಲಿಲ್ಲ, ಅದೇ 22. ಏದುಸಿರು ಬಿಡ್ತಿರೋದು ಕಾರ್ಡಲ್ಲ, ಅಷ್ಟೂ ಜನ, ಕಾರುಗಳ ಲೆಕ್ಕ ಹಾಕ್ತಿರೋ ನನ್ನ ಹಳೇ ಐ3 ಪ್ರೊಸೆಸರ್ರು.

ಅಕ್ಕನ ಮಗನಿಗೆ 2024ರ ಇಂಡಿಯಾನಾ ಜೋನ್ಸ್ ಆಟದ ಹುಚ್ಚು. ಅದಕ್ಕೆ ರೇ ಟ್ರೇಸಿಂಗ್ ಇರೋ ಕಾರ್ಡೇ ಆಗ್ಬೇಕು, ಅವನಿಗೆ ಬೇರೆ ದಾರಿಯಿಲ್ಲ. ನನಗೇನು? ದುಡ್ಡು ಬ್ಯಾಂಕಿನಲ್ಲೇ ಇರ್ಲಿ. ನನ್ನ ಬೋರ್ಡಿಗೆ ಕೂರೋ ಸೆಕೆಂಡ್ ಹ್ಯಾಂಡ್ ಐ7 ಸಿಗತ್ತಾ ಅಂತ ಶನಿವಾರ ಎಸ್.ಪಿ. ರೋಡಲ್ಲಿ ವಿಚಾರಿಸಿ ಬರ್ತೀನಿ.