ದೃಶ್ಯವೂ ಶ್ರವ್ಯವೂ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿರುವುದೆಂದು ನಾವು ಮೂವತ್ತು ವರ್ಷಕಾಲ ಮಕ್ಕಳಿಗೆ ಪಾಠ ಹೇಳಿದೆವು. ನೋಡತಕ್ಕದ್ದು ದೃಶ್ಯ; ಕೇಳತಕ್ಕದ್ದು ಶ್ರವ್ಯ. ಆದರೆ ನಮ್ಮ ಕಾಲದ ದೃಶ್ಯಕಾವ್ಯವೆನಿಸಿದ ಸಿನೆಮಾವನ್ನು ಅರುವತ್ತು ತುಂಬುವವರೆಗೆ ನಾವು ಒಂದನ್ನಾದರೂ ನೋಡಿದವರಲ್ಲವೆಂದರೆ ವಾಚಕರು ನಗದಿರಲಾರರು.

ಇದಕ್ಕೆ ಮೂಲವು ನಮ್ಮ ತೀರ್ಥರೂಪರ ಕಟ್ಟುನಿಟ್ಟು. ಸಂಸ್ಕೃತ ಪಾಠಶಾಲೆಯ ಹುಡುಗನು ಊರ ಹೊರಗಿನ ಟೆಂಟಿನ ಕಡೆಗೆ ಮುಖಮಾಡಿಯೂ ನಿಲ್ಲಕೂಡದೆಂಬುದು ಅವರ ಆಜ್ಞೆ. ಆ ಆಜ್ಞೆಯನ್ನು ನಾವು ಮುಂದೆ ನಮ್ಮ ವಿವೇಕವೆಂದೇ ಭಾವಿಸಿಕೊಂಡೆವು. ಮದುವೆಯಾದ ಹೊಸದರಲ್ಲಿ, 1972ರ ಚಿತ್ರವಾದ 'ಬಂಗಾರದ ಮನುಷ್ಯ'ವು ನಾವಿದ್ದ ಊರಿಗೆ ಪುನಃ ಬಂದಿದ್ದಿತು. "ಒಂದು ದಿನ ಹೋಗಿಬರೋಣವೇ?" ಎಂದು ನಮ್ಮ ಗೃಹಿಣಿಯು ಕೇಳಿದಳು. "ಅದೆಲ್ಲ ನಮ್ಮಂಥವರಿಗೆ ಸಲ್ಲದು" ಎಂದೆವು. ಅವಳು ಮತ್ತೆಂದೂ ಕೇಳಲಿಲ್ಲ. ಆ ಮೌನವನ್ನು ನಾವು ಸಮ್ಮತಿಯೆಂದು ತಿಳಿದೆವು.

ನಿವೃತ್ತಿಯ ತರುವಾಯ ಕಾಡುಗೋಡಿಯಲ್ಲಿರುವ ಮಗನ ಮನೆಗೆ ಬಂದು ನೆಲೆಸಿದೆವು. ನೇರಳೆ ಮಾರ್ಗದ ಮೆಟ್ರೋ ರೈಲಿಗೆ ಪೂರ್ವದ ಕಡೆಯ ನಿಲ್ದಾಣವು ಇಲ್ಲಿಯೇ. ಮಗನೂ ಸೊಸೆಯೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಅದುವರೆಗೆ ಮನೆಯಲ್ಲಿ ನಾವಿಬ್ಬರೇ. ಇಷ್ಟರಲ್ಲಿ ಗ್ಲಕೋಮಾ ಎಂಬ ಬೇನೆಯಿಂದ ಅವಳ ದೃಷ್ಟಿಯು ಕುಂದಿ, ಬೆಳಕುನೆರಳುಗಳ ಹೊರತು ಬೇರೇನೂ ತೋರದಂತಾಯಿತು. ಒಂದು ಮಧ್ಯಾಹ್ನ ಅವಳೇ, "ಈಗ ನಿಮಗೆ ಪಾಠವಿಲ್ಲವಲ್ಲ. ಟೀವಿಯಲ್ಲಿ ಸಿನೆಮಾ ಹಾಕಿ. ನೀವು ನೋಡಿ ಹೇಳಿ, ನಾನು ಕೇಳುತ್ತೇನೆ" ಎಂದಳು.

ಮೊದಲನೆಯದನ್ನು ಮೊದಲು ನೋಡಬೇಕೆಂಬುದು ಮೇಷ್ಟರ ಕ್ರಮ. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನ'ವು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಪ್ರತಿಯು ಈಗ ಒಂದೂ ಉಳಿದಿಲ್ಲ. ತಡಮಾಡಿದವರಿಗಾಗಿ ಎಲ್ಲವೂ ಕಾದಿರುವುದಿಲ್ಲವೆಂದು ಅಂದೇ ನಮಗೆ ಮನದಟ್ಟಾಯಿತು.

ಆದುದರಿಂದ 'ಬಂಗಾರದ ಮನುಷ್ಯ'ದಿಂದಲೇ ಆರಂಭಿಸಿದೆವು. "ನಾಯಕನು ಪ್ರವೇಶಿಸುತ್ತಾನೆ" ಎಂದು ನಾವು ಪಾಠದಂತೆ ಹೇಳತೊಡಗಿದರೆ, "ರಾಜಕುಮಾರರ ಧ್ವನಿ ನನಗೆ ತಿಳಿಯದೇ? ಅಕ್ಕನ ಮುಖ ಹೇಗಿದೆ, ಹೊಲ ಹೇಗಿದೆ, ಅದನ್ನು ಹೇಳಿ" ಎಂದು ತಿದ್ದಿದಳು. ಹಾಡುಗಳು ಬಂದಾಗ ಮೆಲ್ಲಗೆ ತಾನೂ ಹಾಡಿದಳು. ಎಲ್ಲವೂ ಬಾಯಿಪಾಠ! ಅಡಿಗೆಮನೆಯ ರೇಡಿಯೋದಿಂದ ಕಲಿತುದಂತೆ. ಒಂದೇ ಮನೆಯಲ್ಲಿದ್ದು ನಮಗೆ ಇದು ತಿಳಿದಿರಲಿಲ್ಲ.

ಅನಂತರ ಜಿ. ವಿ. ಅಯ್ಯರ್ ಅವರ 'ಆದಿ ಶಂಕರಾಚಾರ್ಯ' (1983). ಸಂಸ್ಕೃತ ಭಾಷೆಯ ಮೊದಲ ಕಥಾಚಿತ್ರವಿದು. ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಇಲ್ಲಿಯಾದರೂ ನಮ್ಮ ವಿದ್ಯೆಯು ಫಲಿಸುವುದೆಂದು ಮಾತುಮಾತಿಗೂ ಅರ್ಥ ಹೇಳಿದೆವು. "ಅರ್ಥ ಆಮೇಲಾಗಲಿ, ನದಿ ಹೇಗಿದೆ ಹೇಳಿ" ಎಂದಳು.

ಕಡೆಗೆ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವು ಬಂದಿತು. ಅನಂತಮೂರ್ತಿಯವರ ಕಥೆ, 1977ರ ಕಪ್ಪುಬಿಳುಪಿನ ಚಿತ್ರ. ಸ್ವರ್ಣಕಮಲವನ್ನು ಪಡೆದ ಇದನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ತೋರಿಸಿದರು. ಮಲೆನಾಡಿನ ವೇದಪಾಠಶಾಲೆಗೆ ನಾಣಿಯೆಂಬ ಬಾಲಕನು ಬರುವನು. ನಾವೂ ಅಂಥದೇ ಬಾಲಕರಾಗಿದ್ದವರು. ಗುರುಗಳ ವಿಧವೆಯಾದ ಮಗಳು ಯಮುನೆಯು ಅವನಿಗೆ ಆಸರೆ. ಅವಳು ಗರ್ಭಿಣಿಯಾದುದು ಬಯಲಾಗಲು, ಜೀವಂತಳಾಗಿರುವಾಗಲೇ ಹೆತ್ತ ತಂದೆಯು ಅವಳಿಗೆ ಘಟಶ್ರಾದ್ಧವನ್ನು ಮಾಡಿ ಹೊರಹಾಕುವನು. ಕೊನೆಯಲ್ಲಿ ನಾಣಿಯು ತಂದೆಯೊಡನೆ ಊರಿಗೆ ಹೊರಟಾಗ ಅವಳು ಮರದಡಿಯಲ್ಲಿ ಕುಳಿತಿರುವಳು. ಅಲ್ಲಿ ಮಾತೇ ಇಲ್ಲ.

"ಏನಾಗುತ್ತಿದೆ?" ಎಂದು ಗೃಹಿಣಿಯು ಕೇಳಿದಳು. ಆ ಕರ್ಮದ ವಿಧಿಯನ್ನು ಬಲ್ಲ ನಮಗೆ ನಾಲಗೆಯು ಏಳಲಿಲ್ಲ. ಅವಳು ಮತ್ತೊಮ್ಮೆ ಕೇಳಿದ ಮೇಲೆ, "ಕುಳಿತಿದ್ದಾಳೆ. ತಲೆ ಬೋಳಿಸಿದ್ದಾರೆ. ಹುಡುಗ ನೋಡುತ್ತಿದ್ದಾನೆ" ಎಂದಷ್ಟೇ ಹೇಳಿದೆವು.

ಬಹಳ ಹೊತ್ತಿನ ಮೇಲೆ, "ಅವಳನ್ನು ಯಾರೂ ಏನೂ ಕೇಳಲಿಲ್ಲ, ಅಲ್ಲವೇ?" ಎಂದಳು. ಯಮುನೆಯನ್ನು ಕುರಿತೇ ಆಡಿದ ಮಾತು. ಆದರೂ ಹೊಸ ಮದುವೆಯ ದಿನಗಳಲ್ಲಿ ನಾವಿತ್ತ ಉತ್ತರವು ನೆನಪಾಗಿ ತಲೆತಗ್ಗಿಸಿದೆವು. "ಅಂದು ನಿನ್ನನ್ನು ಕರೆದುಕೊಂಡು ಹೋಗಬೇಕಾಗಿತ್ತು" ಎಂದೆವು. "ಹೋಗಿದ್ದರೆ ನಾನೇ ನೋಡುತ್ತಿದ್ದೆ" ಎಂದು ನಕ್ಕು, "ನಾಳೆ ಯಾವುದು?" ಎಂದಳು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯವರು ಎಂದೋ ಕೇಳಿದ ಸಣ್ಣ ಸಂತೋಷವೊಂದಿದ್ದರೆ, ಅದನ್ನು ನಿವೃತ್ತಿಯ ಕಾಲಕ್ಕೆಂದು ತೆಗೆದಿಡಬೇಡಿರಿ.